ಮುಂಗೈ ಹಗ್ಗದ ಕುಣಿಕೆ

ನಮ್ಮ ತವರಿನ ಕಡೆ ಮೀನು ಹಿಡಿಯುವುದೆಂದರೆ ವರ್ಷಕ್ಕೊಮ್ಮೆ ಊರಿಗೆ ಊರೇ ಕೆಸರಾಗುವ ಕೆಲಸ. ಕುಷ್ಟಗಿಯಿಂದ ಅರ್ಧ ದಿನದ ದಾರಿಯ ಆ ಊರಿಗೆ ಹೊಳೆಯಿರಲಿಲ್ಲ, ಹಳ್ಳವೂ ಹೆಸರಿಗಷ್ಟೇ. ಇದ್ದದ್ದೊಂದು ಕೆರೆ. ಬೇಸಿಗೆ ಬಲಿತು ನೀರು ತೊಡೆಮಟ್ಟಕ್ಕೆ ಇಳಿದಾಗ ಹಲಗೆ ಬಾರಿಸುತ್ತಿದ್ದರು. ಬುಟ್ಟಿ, ಚಾದರ, ಹರಕು ಸೀರೆ, ಕೈಗೆ ಸಿಕ್ಕಿದ್ದನ್ನು ಹಿಡಿದು ಎಲ್ಲರೂ ಇಳಿಯುತ್ತಿದ್ದರು. ಅದಕ್ಕಿಂತ ಮೊದಲಿನ ಹದಿನೈದು ದಿನ ಬಲೆ ಬೀಸುವ ಹಕ್ಕು ಮಾತ್ರ ನಮ್ಮ ಅಂಬಿಗರ ನಾಲ್ಕು ಮನೆಗಳದು. ದೊಡ್ಡ ಮೀನು, ಮರಿ ಎನ್ನುವ ವಿಚಾರವೇ ನಮಗಿರಲಿಲ್ಲ. ಇನ್ನೊಂದು ತಿಂಗಳಿಗೆ ಕೆರೆ ಒಣಗುವುದು ಖಂಡಿತ, ಬಿಟ್ಟ ಮರಿ ಕೊಕ್ಕರೆಯ ಪಾಲು. ಹಾಗಾಗಿ ನಮ್ಮ ಬಲೆಯ ಕಣ್ಣಿನೊಳಗೆ ಕಿರುಬೆರಳು ಹೋದರೆ ಹೆಚ್ಚು.

ಕೆರೆಯ ತಳದಲ್ಲಿ ಜಾಲಿಯ ಬೊಡ್ಡೆಗಳಿದ್ದವು. ಬೀಸಿದ ಬಲೆ ಅವಕ್ಕೆ ಸಿಕ್ಕಿಕೊಂಡು, ಹಗ್ಗ ಕೈತಪ್ಪಿ, ಬಲೆ ಕೆಸರಿನಲ್ಲಿ ಹೂತುಹೋಗುವುದಿತ್ತು. ಹಾಗೆ ಬಲೆ ಕಳೆದುಕೊಂಡು ಬಂದ ಗಂಡಸನ್ನು ಓಣಿಯವರು ಮುಂದಿನ ಬೇಸಿಗೆಯವರೆಗೆ ಆಡಿಕೊಳ್ಳುತ್ತಿದ್ದರು. ಅದಕ್ಕೇ ನಮ್ಮಲ್ಲಿ ಬಲೆಯ ಹಗ್ಗದ ತುದಿಗೆ ಜೀರುಗುಣಿಕೆ ಹಾಕಿ ಮುಂಗೈಗೆ ಸಿಕ್ಕಿಸುವುದು ರೂಢಿ. ಎಳೆದಷ್ಟೂ ಬಿಗಿಯುವ ಕುಣಿಕೆ ಅದು. ಆ ಕುಣಿಕೆಯನ್ನು ಬಲೆ ಬೀಸುವವನ ಹೆಂಡತಿಯೇ ಹಾಕಬೇಕು, ಅವಳು ಹಾಕಿದ್ದನ್ನು ಬೇರೆಯವರು ಬಿಚ್ಚಬಾರದು, ತಿದ್ದಬಾರದು. ನಮ್ಮವ್ವ ನನಗೆ ಅದನ್ನು ಏಳನೆಯ ವರ್ಷಕ್ಕೇ ಕಲಿಸಿದ್ದಳು. ಮದುವೆಗೆ ತಯಾರಾದ ಹುಡುಗಿಗೆ ರೊಟ್ಟಿ ಬಡಿಯುವುದು ಬಾರದಿದ್ದರೂ ನಡೆಯುತ್ತಿತ್ತು, ಜೀರುಗುಣಿಕೆ ಬಾರದಿದ್ದರೆ ನಡೆಯುತ್ತಿರಲಿಲ್ಲ.

ದೊಡ್ಡ ಯುದ್ಧ ಶುರುವಾದ ವರ್ಷ ನನ್ನನ್ನು ಹೊಳೆಯ ದಂಡೆಗೆ ಕೊಟ್ಟರು. ಕೊಪ್ಪಳದ ಕೆಳಗೆ, ತುಂಗಭದ್ರೆಯ ಈಚೆ ದಡದ ಊರು. ಆ ಊರು ಈಗ ನೀರಿನ ಅಡಿ ಇದೆ, ಹೆಸರು ಹೇಳಿದರೂ ನೀವು ಹೋಗಿ ನೋಡುವಂತಿಲ್ಲ. ಎತ್ತಿನ ಬಂಡಿಯಿಂದ ಇಳಿದು ಮೊದಲ ಸಲ ಹೊಳೆ ನೋಡಿದಾಗ ನನಗೆ ಸಿಟ್ಟೇ ಬಂತು. ನಮ್ಮವರು ಒಂದು ಕೊಡ ನೀರಿಗೆ ಸರತಿ ನಿಲ್ಲುತ್ತಿದ್ದರು, ಇಲ್ಲಿ ಅಷ್ಟೊಂದು ನೀರು ಯಾರ ಪರಿವೆಯೂ ಇಲ್ಲದೆ ಬಂಡೆಗಳ ನಡುವೆ ಗದ್ದಲ ಮಾಡುತ್ತ ಹೋಗುತ್ತಿತ್ತು. ಆಚೆ ದಡ ಇಂಗ್ಲಿಷರ ಸೀಮೆ, ಈಚೆ ನಿಜಾಮರದು. ನಡುವಿನ ಮಡುಗಳು ಮಾತ್ರ ನಮ್ಮ ಓಣಿಯ ಮನೆಗಳವು. ಯಾವ ಮಡು ಯಾರದು ಎಂದು ಯಾವ ಕಾಗದದಲ್ಲೂ ಇರಲಿಲ್ಲ, ಬಾಯಿಂದ ಬಾಯಿಗೆ ಬಂದದ್ದು. ಒಬ್ಬರ ಮಡುವಿನಲ್ಲಿ ಇನ್ನೊಬ್ಬರು ಬಲೆ ಬೀಸುತ್ತಿರಲಿಲ್ಲ.

ಆ ಮನೆಯಲ್ಲಿ ಇದ್ದವರು ಇಬ್ಬರೇ, ನನ್ನ ಗಂಡ ಮತ್ತು ಅವರ ತಾಯಿ. ಗಂಡ ಹೆಚ್ಚು ಮಾತಿನವರಲ್ಲ. ಅತ್ತೆ ಅವರ ಪಾಲಿನ ಮಾತನ್ನೂ ತಾವೇ ಆಡಿ ಮುಗಿಸುತ್ತಿದ್ದರು. ಮಾವ ತೀರಿಕೊಂಡು ಬಹಳ ವರ್ಷವಾಗಿತ್ತು, ಆದರೆ ಓಣಿಯಲ್ಲಿ ಅತ್ತೆಯ ಮಾತಿಗೆ ಇದ್ದ ತೂಕ ಯಾವ ಗಂಡಸಿನ ಮಾತಿಗೂ ಇರಲಿಲ್ಲ. ಅದಕ್ಕೆ ಕಾರಣ ಅವರ ಬಲಗೈಯ ಮೂರು ಬೆರಳು.

ಮಿರ್ಗದ, ಅಂದರೆ ಮೃಗಶಿರೆಯ, ಮಳೆ ಬಿದ್ದು ಹೊಳೆಗೆ ಹೊಸ ನೀರು ಬರುವ ಮುಂಚೆ ಓಣಿಯ ಪ್ರತಿಯೊಂದು ಹೊಸ ಬಲೆಯೂ ನಮ್ಮ ಕಟ್ಟೆಗೆ ಬರಬೇಕಿತ್ತು. ಅತ್ತೆ ಬಲೆಯನ್ನು ತೊಡೆಯ ಮೇಲೆ ಹರಡಿಕೊಂಡು, ಎಲ್ಲೋ ನೋಡುತ್ತ, ಮೂರು ಬೆರಳು ಜೋಡಿಸಿ ಕಣ್ಣಿಂದ ಕಣ್ಣಿಗೆ ಹಾಯಿಸುತ್ತ ಹೋಗುತ್ತಿದ್ದರು. ಬೆರಳು ತಡೆದಲ್ಲಿ ನಿಲ್ಲಿಸಿ, ಅಲ್ಲಿಗೊಂದು ಕೆಂಪು ದಾರ ಕಟ್ಟಿ, ಬಲೆ ಹಿಂದಕ್ಕೆ ಕೊಡುತ್ತಿದ್ದರು. ಆ ಜಾಗ ಬಿಚ್ಚಿ ಮತ್ತೆ ಹೆಣೆದು ತರಬೇಕು. ಅವರ ಬೆರಳು ದಾಟದ ಬಲೆ ನೀರು ಮುಟ್ಟುತ್ತಿರಲಿಲ್ಲ. ಅವರಿಗೂ ಮುಂಚೆ ಅವರ ಅತ್ತೆಯದು ಈ ಕೆಲಸವಾಗಿತ್ತಂತೆ. ಇದಕ್ಕಾಗಿ ಯಾರೂ ಏನೂ ಕೊಡುತ್ತಿರಲಿಲ್ಲ, ವರ್ಷದ ಮೊದಲ ಬಾಳೆಮೀನಿನ ತಲೆ ಮಾತ್ರ ತಾವಾಗಿಯೇ ತಂದಿಟ್ಟು ಹೋಗುತ್ತಿದ್ದರು.

ನಾನು ಬಂದ ಎರಡನೆಯ ವರ್ಷದ ಹೊಸ ನೀರಿಗೆ ನನ್ನ ಗಂಡ ತಮ್ಮ ಬಲೆಯನ್ನು ಹೊಳೆಗೆ ಬಿಟ್ಟು ಬರಿಗೈಯಲ್ಲಿ ಬಂದರು. ಹಗ್ಗ ಜಾರಿಹೋಯಿತು ಎಂದರು, ಚುಟ್ಟಾ ಹಚ್ಚಿಕೊಂಡು ಕುಳಿತರು. ಅತ್ತೆಯೂ ಏನೂ ಅನ್ನಲಿಲ್ಲ. ನನಗೋ ತಲೆ ಎತ್ತಿ ಓಣಿಯಲ್ಲಿ ನಡೆಯಲು ನಾಚಿಕೆ. ನಮ್ಮ ಕೆರೆಯಲ್ಲಾಗಿದ್ದರೆ ಎಷ್ಟು ನಗುತ್ತಿದ್ದರು ಎನ್ನುವುದೇ ತಲೆಯಲ್ಲಿ. ಇಲ್ಲಿ ಯಾರೂ ನಗಲಿಲ್ಲ. ಯಾಕೆ ನಗಲಿಲ್ಲ ಎಂದು ಕೇಳುವ ಬುದ್ಧಿ ನನಗೆ ಬರಲಿಲ್ಲ. ಕೇಳಿದ್ದರೆ ಇಷ್ಟೆಲ್ಲ ಬರೆಯುವ ಕೆಲಸವೇ ಇರುತ್ತಿರಲಿಲ್ಲ.

ಯುದ್ಧದಿಂದ ನೂಲು ಸಿಗುವುದು ಕಷ್ಟವಾಗಿತ್ತು. ಅಳವಂಡಿ ಸಂತೆಗೆ ಮೂರು ವಾರ ತಿರುಗಿ ನೂಲು ತಂದು, ಹುರಿ ಮಾಡಿ, ಸುಗ್ಗಿ ಮುಗಿದಾಗಿನಿಂದ ಹೊಸ ಬಲೆ ಹೆಣೆಯಲು ಕುಳಿತೆ. ಕೈ ತನಗೆ ಗೊತ್ತಿದ್ದಂತೆಯೇ ಹೆಣೆಯಿತು. ಅರ್ಧ ಬಲೆ ಆದಾಗ ಅತ್ತೆ ಬಂದು ಬೆರಳಿಟ್ಟರು. ಮೂರು ಬೆರಳು ಹೋಗಲಿ, ಒಂದು ಬೆರಳೂ ಸರಿಯಾಗಿ ಹೋಗಲಿಲ್ಲ.

"ಏ ಕೆರಿಯಾಕಿ, ಇದೇನು ಬಲೀನೋ, ಹಿಟ್ಟಿನ ಸಾಣಗಿನೋ?" ಎಂದರು. ಅವರು ನನ್ನನ್ನು ಕರೆಯುತ್ತಿದ್ದದ್ದೇ ಹಾಗೆ, ಕೆರೆಯವಳು ಅಂತ.

"ಸಣ್ಣ ಮೀನೂ ಸಿಗತಾವಲ್ರಿ ಅತ್ತಿ."

"ಸಣ್ಣ ಮೀನು ಸಿಕ್ರ ಮುಂದಿನ ವರ್ಸ ದೊಡ್ಡ ಮೀನು ಎಲ್ಲಿಂದ ಬರಬೇಕು? ಕೆರಿ ಅಲ್ಲ ಇದು, ಒಣಗಂಗಿಲ್ಲ. ಮತ್ತ ಕಣ್ಣು ಬಿಗಿ ಆದ್ರ ನೀರು ಹಾಯಂಗಿಲ್ಲ, ಬಲಿ ಚೀಲ ಆಗತೈತಿ. ಹೊಳಿ ಜಗ್ಗತೈತಿ ಅದನ್ನ. ಬಿಚ್ಚು."

ಎರಡು ತಿಂಗಳ ಕೆಲಸ. ಹಲ್ಲು ಕಚ್ಚಿಕೊಂಡು ಬಿಚ್ಚಿದೆ. ಅವರು ಎದುರಿಗೇ ಕುಳಿತು ಬಿಚ್ಚಿಸಿದರು, ನಡುನಡುವೆ ತವರಿನ ಹೆಸರೆತ್ತಿ ಒಂದೊಂದು ಮಾತು. ಮತ್ತೆ ಶುರು ಮಾಡಿದ ಮೇಲೂ ದಿನಕ್ಕೆರಡು ಸಲ ಬಂದು ಬೆರಳಿಡುತ್ತಿದ್ದರು. ಮೂರು ಬೆರಳು, ಮೂರು ಬೆರಳು ಎನ್ನುವ ಮಾತು ಕೇಳಿ ಕೇಳಿ ನನಗೆ ಅವರ ಕೈ ಕಂಡರೆ ಆಗದಂತಾಯಿತು. ನನ್ನ ಗಂಡ ಹೊರಗಿನ ಕಟ್ಟೆಯಲ್ಲಿ ಕುಳಿತು ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದರು. ಒಂದು ದಿನವೂ ನನ್ನ ಕಡೆ ಒಂದು ಮಾತು ಆಡಲಿಲ್ಲ. ಅದೂ ನನಗೆ ಸಿಟ್ಟೇ.

ಬಲೆ ಮುಗಿಯಿತು. ಅಂಚಿಗೆ ಸೀಸದ ಗುಂಡು ಪೋಣಿಸಿ, ನೂಲು ಕೊಳೆಯದಿರಲೆಂದು ತಂಗಡಿ ತೊಗಟೆ ಕುದಿಸಿದ ನೀರಿನಲ್ಲಿ ಅದ್ದಿ ಒಣಗಿಸಿದೆವು. ಅತ್ತೆ ಕೊನೆಯ ಸಲ ಬೆರಳು ಹಾಯಿಸಿದರು. ಆ ದಿನ ಓಣಿಯ ನಾಲ್ಕು ಹೆಂಗಸರು ಎದುರಿಗಿದ್ದರು. ಒಂದು ಕಡೆಯೂ ಕೆಂಪು ದಾರ ಬೀಳಲಿಲ್ಲ. "ಛಲೋ ಆಗೇತಿ," ಎಂದಷ್ಟೇ ಹೇಳಿ ಎದ್ದುಹೋದರು. ಎರಡು ವರ್ಷದಲ್ಲಿ ಅವರು ನನಗೆ ಹೇಳಿದ ಮೊದಲ ಒಳ್ಳೆಯ ಮಾತು ಅದು. ನಾನು ಒಳಗೆ ಹೋಗಿ ಒಬ್ಬಳೇ ಕಣ್ಣೀರು ಹಾಕಿದೆ, ಯಾಕೆ ಎಂದು ಗೊತ್ತಿಲ್ಲ.

ಆಮೇಲೆ ಉಳಿದದ್ದು ಮುಂಗೈ ಹಗ್ಗ. ಹೊಳೆಯಲ್ಲೂ ಅದನ್ನು ಹೆಂಡತಿಯೇ ಕಟ್ಟಬೇಕು, ಬೇರೆಯವರು ಮುಟ್ಟಬಾರದು. ಈ ಒಂದು ಪದ್ಧತಿ ತವರಿಗೂ ಇಲ್ಲಿಗೂ ಒಂದೇ ಇರುವುದು ಕಂಡು ನನಗೆ ಸಮಾಧಾನವೇ ಆಗಿತ್ತು. ಹೋದ ಬಲೆ ನಮ್ಮ ಮದುವೆಗೂ ಹಿಂದಿನದು, ಅದರ ಹಗ್ಗ ಕಟ್ಟಿದ್ದು ಯಾರೋ, ನಾನು ನೋಡಿರಲಿಲ್ಲ. ಹೊಳೆಯವರು ಬಳೆಯ ಹಾಗೆ ಸಡಿಲ ಕುಣಿಕೆ ಕಟ್ಟುತ್ತಾರೆ, ಕೈ ಕೆಳಗೆ ಬಿಟ್ಟರೆ ತಾನಾಗಿ ಜಾರಬೇಕು ಎಂದು. ಹೊಳೆ ಬಲೆಯನ್ನು ಕೇಳಿದರೆ ಕೊಟ್ಟು ಬರಬೇಕು, ಬಲೆಯ ಜೊತೆ ಹೋಗಬಾರದು. ಅಲ್ಲಿ ಹುಟ್ಟಿದ ಹುಡುಗಿಯರಿಗೆ ಇದು ಹೇಳಿಕೊಡುವ ಮಾತೇ ಅಲ್ಲ, ಹಾಗಾಗಿ ನನಗೆ ಯಾರೂ ಹೇಳಿಕೊಡಲಿಲ್ಲ. ಈ ಬಲೆಯನ್ನಾದರೂ ಇವರು ಬಿಟ್ಟು ಬರಬಾರದು, ಎರಡೆರಡು ಸಲ ಹೆಣೆದ ಬಲೆ ಇದು ಎಂದುಕೊಂಡು, ಅವ್ವ ಕಲಿಸಿದ ಜೀರುಗುಣಿಕೆಯನ್ನು ಬಹಳ ಅಚ್ಚುಕಟ್ಟಾಗಿ ಹಾಕಿದೆ. ಪ್ರೀತಿಯಿಂದ ಹಾಕಿದೆ ಎಂದು ಬರೆಯಲು ಆಸೆ. ಪ್ರೀತಿ ಇತ್ತು. ಹಟವೂ ಅಷ್ಟೇ ಇತ್ತು.

ಹೊಸ ನೀರು ಬಂದದ್ದು ಬೆಳಗಿನ ಹೊತ್ತು. ಹೊಳೆ ಕೆಂಪಗಾಗಿ, ಮೇಲೆ ಕಸ ಕಡ್ಡಿ ತೇಲಿಸಿಕೊಂಡು, ತುಸು ಏರಿತ್ತು. ಅಂಥ ನೀರಿನಲ್ಲಿ ಮೀನು ಏರು ಹಿಡಿದು ಬರುತ್ತದೆ. ಗಂಡಸರು ಹರಿಗೋಲುಗಳಲ್ಲಿ ತಮ್ಮ ತಮ್ಮ ಮಡುಗಳಿಗೆ ಹೋದರು. ನಮ್ಮ ಮಡುವಿನ ತಲೆಗೆ ಎರಡು ಬಂಡೆ, ಅವುಗಳ ಸಂದಿನಲ್ಲಿ ನೀರು ಜೋರು. ನನ್ನ ಗಂಡ ಆ ಬಂಡೆಯ ಮೇಲೆ ನಿಂತು ಬೀಸಿದರಂತೆ. ಎರಡನೆಯ ಬೀಸಿಗೆ, ಮೇಲಿನಿಂದ ತೇಲಿಬಂದ ಮರದ ಕೊರಡೊಂದು ಬಲೆಗೆ ಬಿತ್ತು. ಕೊರಡು ಬಲೆಯನ್ನು ಎಳೆಯಿತು, ಬಲೆ ಹಗ್ಗವನ್ನು ಎಳೆಯಿತು, ಹಗ್ಗ ಅವರನ್ನು ಎಳೆಯಿತು.

ನಾನು ಮನೆಯಲ್ಲಿ ಜೋಳ ಹಸನು ಮಾಡುತ್ತಿದ್ದೆ. ದಡದ ಕಡೆ ಕೂಗು ಕೇಳಿ ಓಡಿದಾಗ ಅವರನ್ನು ಆಗಲೇ ಮರಳಿನ ಮೇಲೆ ಮಲಗಿಸಿದ್ದರು. ಬಂಡೆಯ ಸಂದಿನಲ್ಲಿ ಸಿಕ್ಕಿಕೊಂಡಿದ್ದರಂತೆ. ಪಕ್ಕದ ಮಡುವಿನಲ್ಲಿದ್ದವನು ನೀರಿನೊಳಗೆ ಕೈಯಾಡಿಸಿ, ಸಿಕ್ಕಿದ ಕಡೆ ಹಗ್ಗ ಕೊಯ್ದು, ಅವರನ್ನು ಎಳೆದು ತಂದಿದ್ದ. ಬಲೆ ಹೊಳೆಯ ಪಾಲಾಗಿತ್ತು. ಕುಣಿಕೆ ತಾನಾಗಿ ಜಾರಬೇಕಿತ್ತು, ಯಾಕೆ ಜಾರಲಿಲ್ಲ ಎಂದು ಸುತ್ತಲಿದ್ದವರು ಕೇಳಿಕೊಳ್ಳುತ್ತಿದ್ದಾಗಲೇ ಇಲ್ಲಿಯ ಕುಣಿಕೆ ಬೇರೆ ಎಂದು ನನಗೆ ಹೊಳೆದದ್ದು. ಅತ್ತೆ ನನಗಿಂತ ಮೊದಲು ತಲುಪಿದ್ದರು. ಮಗನ ಬಲಗೈಯನ್ನು ತಮ್ಮ ಮಡಿಲಿನಲ್ಲಿಟ್ಟುಕೊಂಡು, ಸೆರಗು ಹರಿದು ಮುಂಗೈಗೆ ಸುತ್ತಿ ಕುಳಿತಿದ್ದರು. ಬಟ್ಟೆಯ ಮೇಲೆ ರಕ್ತ ಒಸರುತ್ತಿತ್ತು. ನಾನು ಮೊದಲು ನೋಡಿದ್ದು ಗಂಡನ ಮುಖವನ್ನಲ್ಲ. ಆ ಮುಂಗೈಯ ಸುತ್ತ ಹಗ್ಗದ ತುಂಡಿದೆಯೇ ಎಂದು ನೋಡಿದೆ. ಇಷ್ಟು ವರ್ಷದ ಮೇಲೂ ಈ ಸಾಲು ಬರೆಯಲು ಕೈ ಬರುವುದಿಲ್ಲ.

ಹಗ್ಗ ಅಲ್ಲಿರಲಿಲ್ಲ.

ಜೀವ ಉಳಿಯಿತು, ಕೈ ಉಳಿಯಲಿಲ್ಲ. ಕುಣಿಕೆ ಎಲುಬಿನವರೆಗೂ ಇಳಿದಿತ್ತು. ಗಾಯ ಮಾಯಲು ಎರಡು ಮಳೆ ಹಿಡಿಯಿತು. ಬೆರಳುಗಳು ಒಳಕ್ಕೆ ಮಡಚಿಕೊಂಡು, ಹಾಗೆಯೇ ನಿಂತವು. ಆ ಕೈಯಿಂದ ಅವರು ಮತ್ತೆ ಬಲೆ ಬೀಸಲಿಲ್ಲ.

ಎಂಟು ದಿನಕ್ಕೆ ಓಣಿಯ ಹಿರಿಯ ಎಲ್ಲರನ್ನೂ ನಮ್ಮ ಕಟ್ಟೆಗೆ ಕರೆದ. ಮೃದುವಾದ ಮನುಷ್ಯ, ಆದರೆ ಹೊಳೆ ಒಬ್ಬರನ್ನು ಹಿಡಿದರೆ ಯಾಕೆ ಹಿಡಿಯಿತು ಎಂದು ಕೇಳಲೇಬೇಕು, ಕೇಳದೆ ಆ ಮಡುವಿಗೆ ಯಾರೂ ಇಳಿಯುವಂತಿಲ್ಲ. ನಾನು ಬರುವ ಮುಂಚೆ ಓಣಿಯ ಬೇರೆ ಮನೆಯ ಒಬ್ಬ ಸೊಸೆಯನ್ನು ಹೊಳೆಗೆ ಆಗದ ಹೆಣ್ಣು ಎಂದು ತವರಿಗೆ ಕಳಿಸಿದ್ದರು. ಅವಳು ಮಾಡಿದ್ದು ನನ್ನದಕ್ಕಿಂತ ಬಹಳ ಸಣ್ಣ ತಪ್ಪು. ಬಾಗಿಲ ಹಿಂದೆ ನಿಂತು ಚೌಕಟ್ಟು ಹಿಡಿದುಕೊಂಡಿದ್ದೆ.

"ಕೈಯಾಗಿನ ಕುಣಿಕಿ ಯಾಕ ಜಾರಲಿಲ್ಲ?" ಎಂದು ಹಿರಿಯ ಕೇಳಿದ.

ನನ್ನ ಗಂಡ ನೆಲ ನೋಡುತ್ತ ಕುಳಿತಿದ್ದರು. "ಗೊತ್ತಿಲ್ರಿ. ಹೊಳಿ ಹಿಡಕೊಂತು," ಎಂದರು.

ಆಗ ಅತ್ತೆ ಎದ್ದು ನಿಂತರು. "ತಪ್ಪು ನಂದೈತಿ," ಎಂದರು. "ಬಲಿ ಕಣ್ಣು ಬಿಗಿ ಇದ್ವು. ನನ್ನ ಬೆರಳಿಗೆ ತಿಳೀಲಿಲ್ಲ. ಬಲಿ ನೀರು ತುಂಬಿ ಚೀಲ ಆತು, ಹಗ್ಗ ಜಗ್ಗಿ ಕೈ ಕಟ್ಟಿತು. ನೋಡಿ ಕೊಟ್ಟಾಕಿ ನಾನ."

"ನಿಮ್ಮ ಬೆರಳಿಗೆ ತಿಳೀಲಿಲ್ಲಾ?"

"ವಯಸ್ಸಾತು. ಬೆರಳು ಜಡ್ಡಾಗ್ಯಾವ."

"ಕುಣಿಕಿ ಎಲ್ಲೈತ್ರಿ?"

"ಹೊಳಿಯಾಗ ಹೋತು."

ಬಲೆಯ ಕಣ್ಣು ಬಿಗಿಯಿರಲಿಲ್ಲ ಎಂದು ನನಗೆ ಗೊತ್ತಿತ್ತು. ಆ ಬಲೆಯ ಒಂದೊಂದು ಕಣ್ಣೂ ನನಗೆ ಗೊತ್ತಿತ್ತು. ಬಾಗಿಲ ಮರೆಯಿಂದ ಹೊರಗೆ ಮೂರು ಹೆಜ್ಜೆ, ಅಷ್ಟೇ. ಇಡಲಿಲ್ಲ. ಪಾಪ, ಮುದುಕಿಗೆ ನಿಜವಾಗಿಯೂ ತನ್ನ ಬೆರಳ ಮೇಲೆ ಅನುಮಾನ ಬಂದಿದೆ ಎಂದು ಅಲ್ಲಿಯೇ ನಿಂತು ನಂಬಿಬಿಟ್ಟೆ. ಹಾಗೆ ನಂಬುವುದು ನನಗೆ ಅನುಕೂಲವಾಗಿತ್ತು.

ಹಿರಿಯ ಯಾರನ್ನೂ ಬೈಯಲಿಲ್ಲ. "ಹಂಗಾರ ಇನ್ನ ನೀವು ಬಲಿ ನೋಡೂದು ಬ್ಯಾಡ್ರಿ," ಎಂದ. ಅತ್ತೆ ತಲೆಯಾಡಿಸಿದರು. ಮರುವರ್ಷದಿಂದ ಬಲೆಗಳು ಹಿರಿಯನ ಸೊಸೆಯ ಕಟ್ಟೆಗೆ ಹೋದವು. ಅವಳು ಬೆರಳಿಡುತ್ತಿರಲಿಲ್ಲ, ಒಂದು ಕಡ್ಡಿ ಇಟ್ಟುಕೊಂಡು ಅಲ್ಲೊಂದು ಇಲ್ಲೊಂದು ಕಡೆ ಅಳೆದು ಕೊಡುತ್ತಿದ್ದಳು. ಬಾಳೆಮೀನಿನ ತಲೆ ನಮ್ಮ ಮನೆಗೆ ಬರುವುದು ನಿಂತಿತು.

ಕೆಟ್ಟ ವರ್ಷಗಳವು. ನನ್ನ ಗಂಡ ಎಡಗೈಯಲ್ಲಿ ಆಗುವುದನ್ನು ಮಾಡಿದರು, ಕಲ್ಲಿನ ಸಂದಿಗೆ ಬಿದಿರಿನ ಕೂಳಿ ಇಡುವುದು, ಗಾಳ ಕಟ್ಟುವುದು. ಕೂಳಿಯೆಂದರೆ ಮೀನು ಒಳಗೆ ಹೊಕ್ಕು ಹೊರಗೆ ಬರಲಾಗದಂಥ ಉದ್ದ ಬುಟ್ಟಿ. ಸಿಕ್ಕ ಹಾವುಮೀನನ್ನೂ ಚೇಳುಮೀನನ್ನೂ ನಾನು ತಲೆಯ ಮೇಲೆ ಹೊತ್ತು ಅಳವಂಡಿಗೆ, ಕೊಪ್ಪಳಕ್ಕೆ ನಡೆದೆ. ಮಗಳು ಹುಟ್ಟಿದಳು. ಅತ್ತೆ ನನ್ನನ್ನು ಬೈಯುವುದು ಬಿಟ್ಟರು. ಮೂರು ಬೆರಳು ಎನ್ನುವ ಮಾತು ಅವರ ಬಾಯಿಂದ ಮತ್ತೆ ಬರಲಿಲ್ಲ. ಮೊದಲು ಅವರ ಮಾತಿಗೆ ರೇಗುತ್ತಿದ್ದವಳು ಈಗ ಒಂದು ಬೈಗುಳಕ್ಕಾಗಿ ಕಾಯುವಂತಾಯಿತು. ಮಿರ್ಗದ ದಿನಗಳಲ್ಲಿ ಹೆಂಗಸರು ಬಲೆ ಹೊತ್ತು ನಮ್ಮ ಕಟ್ಟೆಯ ಮುಂದಿನಿಂದಲೇ ಹಿರಿಯನ ಮನೆಗೆ ಹೋಗುತ್ತಿದ್ದರು. ಅತ್ತೆ ಆ ಹೊತ್ತಿಗೆ ಸರಿಯಾಗಿ ಒಳಗೆ ಎದ್ದು ಬರುತ್ತಿದ್ದರು, ಒಲೆಯ ಮುಂದೆ ಏನೂ ಕೆಲಸವಿಲ್ಲದಿದ್ದರೂ ಕುಳಿತುಕೊಳ್ಳುತ್ತಿದ್ದರು.

ಹೇಳಬೇಕೆಂದು ಎಷ್ಟು ಸಲ ಬಾಯಿ ತೆರೆದೆನೋ. ಒಂದು ವರ್ಷ ಮಗಳು ಹೊಟ್ಟೆಯಲ್ಲಿದ್ದಳು, ಈಗ ಬೇಡ ಎಂದೆ. ಮರುವರ್ಷ ಕಾಳು ಸಿಗದ ಬರಗಾಲ, ಈಗ ಬೇಡ ಎಂದೆ. ಆಮೇಲೆ ಇಷ್ಟು ದಿನ ಬಿಟ್ಟು ಈಗ ಹೇಳಿದರೆ ಇನ್ನೂ ಕೆಟ್ಟದ್ದು ಎನ್ನಿಸಿತು. ಹೀಗೆ ಎಂಟು ಹೊಸ ನೀರು ಬಂದು ಹೋದವು.

ರಜಾಕಾರರ ಗಲಾಟೆ ಮುಗಿದ ಮರುವರ್ಷ ನಮ್ಮ ಊರಿನ ಸುತ್ತ ಸುಣ್ಣ ಬಳಿದ ಕಲ್ಲುಗಳು ಬಂದವು. ಕೆಳಗೆ ಹೊಳೆಗೆ ಅಡ್ಡ ಆಣೆಕಟ್ಟು ಏಳುತ್ತಿತ್ತು, ಆ ಕಲ್ಲಿನವರೆಗೂ ನೀರು ನಿಲ್ಲುತ್ತದೆ ಎಂದರು. ಹೊಲ ಇದ್ದವರು ಕಾಗದ ಹಿಡಿದು ಕಚೇರಿಗೆ ತಿರುಗಿದರು. ನಮ್ಮ ಹಿರಿಯನೂ ಒಂದು ದಿನ ಹೋಗಿ, ನಮ್ಮ ಮಡುಗಳ ಗತಿ ಏನು ಎಂದು ಕೇಳಿ ಬಂದನಂತೆ. ಕಾಗದ ತೋರಿಸು ಎಂದರಂತೆ. ಆಮೇಲೆ ಅವನು ಆ ಮಾತೆತ್ತಲಿಲ್ಲ. ಓಣಿಯವರು ಒಬ್ಬೊಬ್ಬರಾಗಿ ಬಂಡಿ ಕಟ್ಟತೊಡಗಿದರು. ಕೆಲವರು ಗಂಗಾವತಿಯ ಕಡೆ ಗದ್ದೆ ಕೂಲಿಗೆ, ಕೆಲವರು ಹೊಳೆಯ ಆಚೆಗೆ, ಕೆಲವರು ಆಣೆಕಟ್ಟಿನ ಕಲ್ಲು ಹೊರಲು. ನಾವು ಸುಣ್ಣದ ಕಲ್ಲಿನಾಚೆ, ದಿಬ್ಬದ ಮೇಲೆ ಗುಡಿಸಲು ಹಾಕಿ ಇದ್ದುಬಿಡುವುದೆಂದು ತೀರ್ಮಾನವಾಯಿತು. ನೀರು ಬಂದರೆ ಮೀನೂ ಬರುತ್ತದೆಂದು ನನ್ನ ಗಂಡನ ಲೆಕ್ಕ.

ಸಾಮಾನು ಕಟ್ಟುತ್ತಿದ್ದ ದಿನ, ಮಧ್ಯಾಹ್ನದ ಬಿಸಿಲಿನಲ್ಲಿ, ಅತ್ತೆ ನನ್ನನ್ನು ಕಟ್ಟೆಗೆ ಕರೆದರು. ಎಲೆ ಅಡಿಕೆಯ ಸಂಚಿ ಬಿಚ್ಚಿ, ಅದರ ತಳದ ಅರೆಯಿಂದ ಏನನ್ನೋ ತೆಗೆದು ನನ್ನ ಅಂಗೈಯಲ್ಲಿಟ್ಟರು. ಗೇಣುದ್ದದ ಹಗ್ಗ. ಕಪ್ಪಗಾಗಿ, ಒಣಗಿ ಕಟ್ಟಿಗೆಯಾಗಿತ್ತು. ಒಂದು ತುದಿ ಚಾಕುವಿನಿಂದ ಕೊಯ್ದದ್ದು, ಇನ್ನೊಂದು ತುದಿಗೆ ನಮ್ಮವ್ವ ಕಲಿಸಿದ ಗಂಟು.

"ಇನ್ನ ಹೊಳಿ ಹರಿಯಂಗಿಲ್ಲಂತ," ಎಂದರು. "ಕೆರಿ ಹಂಗ ನಿಲ್ಲತೈತಂತ. ನಿಂತ ನೀರಿಗೆ ಇದ ಸರಿ. ತಗೋ, ನಿಂದ."

ನಾನು ಅವರ ಪಕ್ಕದಲ್ಲಿ ಕುಳಿತೆ. "ನಿಮಗ ಗೊತ್ತಿತ್ತೇನ್ರಿ ಅತ್ತಿ?"

"ಅವನ ಕೈಯಿಂದ ಬಿಡಿಸಿದಾಕಿ ನಾನ. ಗೊತ್ತಿಲ್ದ ಏನು?"

"ಮತ್ತ ಯಾಕ ನನ್ನ ಹೆಸರು ಹೇಳಲಿಲ್ರಿ?"

ಅವರು ಸಂಚಿಯ ದಾರ ಎಳೆದು ಮುಚ್ಚಿದರು. "ಮೂರು ಬೆರಳು ಮೂರು ಬೆರಳು ಅಂತ ನೂರು ಸಲ ಅಂದೆ. ಕುಣಿಕಿ ಮಾತು ಒಂದ ಸಲಾನೂ ಆಡಲಿಲ್ಲ. ಕೆರಿಯಾಕಿ ಅಂತ ದಿನಾ ಕರದೆ, ಕೆರಿಯಾಕಿಗೆ ಹೊಳಿ ಗಂಟು ಗೊತ್ತಿರಂಗಿಲ್ಲ ಅಂತ ಹೊಳೀಲಿಲ್ಲ. ಅರ್ಧ ತಪ್ಪು ನಂದ ಇತ್ತು, ಹೊತ್ತೆ. ಇನ್ನರ್ಧಕ್ಕ ನೀ ಬರತಿ ಅಂತ ಕಾದೆ."

ನಾನು ಅಂಗೈಯಲ್ಲಿದ್ದ ಗಂಟು ನೋಡುತ್ತ ಕುಳಿತೆ.

"ಆ ವರ್ಸ ಕಾದೆ. ಮುಂದಿನ ವರ್ಸ ಕಾದೆ," ಎಂದರು. "ಆಮ್ಯಾಲೆ ಕಾಯೂದ ರೂಢಿ ಆತು."

ಸಿಟ್ಟಿನಿಂದ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ಮಳೆ ತಡವಾಯಿತು ಎಂದು ಹೇಳುವಷ್ಟೇ ಸಾದಾ ಹೇಳಿದರು. ಹಗ್ಗದ ತುಂಡು ಮುಷ್ಟಿಯಲ್ಲಿ ಹಿಡಿದು ನಾನು ಹೊಳೆಗೆ ಇಳಿದೆ. ನನ್ನ ಗಂಡ ಕೊನೆಯ ಕೂಳಿಗಳನ್ನು ಎತ್ತಿ ದಡಕ್ಕೆ ಹಾಕುತ್ತಿದ್ದರು. ಮುಷ್ಟಿ ಬಿಚ್ಚಿ ತೋರಿಸಿದೆ. ಎಲ್ಲ ಹೇಳಿದೆ, ತವರು, ಕೆರೆ, ಜಾಲಿ ಬೊಡ್ಡೆ, ನನ್ನ ಹಟ, ಬಾಗಿಲ ಹಿಂದೆ ನಿಂತದ್ದು. ಹೇಳುತ್ತ ಹೇಳುತ್ತ ಅಳು ಬಂತು. ಅವರು ಕೂಳಿಯ ನೀರು ಬಸಿಯುವವರೆಗೂ ಕಾದು, ಅದನ್ನು ಮರಳಿನ ಮೇಲಿಟ್ಟರು.

"ಹಾಕ್ಕೊಳ್ಳಾಗ ನೋಡಿದ್ದೆ," ಎಂದರು.

"ಏನು?"

"ಕುಣಿಕಿ. ಜೀರತೈತಿ ಅಂತ ಆ ಬಂಡೆಗಲ್ಲಿನ ಮ್ಯಾಲೆ ನಿಂತಾಗ ಗೊತ್ತಾತು."

"ಮತ್ತ ಯಾಕ್ರಿ ಹಾಕ್ಕೊಂಡ್ರಿ?"

"ಬಿಚ್ಚಿ ಬ್ಯಾರೆ ಕಟ್ಟಿದ್ರ ದಡದಾಗಿದ್ದವ್ರು ನೋಡ್ತಿದ್ರು. ಅವ್ವ ಮೂರು ತಿಂಗಳು ನಿನಗ ಬೈದಿದ್ಲು. ಅಷ್ಟು ಬೈಸ್ಕೊಂಡು ಮಾಡಿದ್ದಿ." ಮಡಚಿದ ಬೆರಳುಗಳನ್ನು ಎಡಗೈಯಿಂದ ಒತ್ತಿಕೊಂಡರು. "ಒಂದು ಹೊತ್ತು ನಡೀತೈತಿ ಅಂದ್ಕೊಂಡೆ."

ನನ್ನ ಪರವಾಗಿ ಒಂದು ಮಾತೂ ಆಡದ ಮನುಷ್ಯ ಎಂದು ನಾನು ಬೈದುಕೊಂಡಿದ್ದೆನಲ್ಲ, ಅವರು ಮಾತು ಆಡುವ ಬದಲು ಕೈಯನ್ನೇ ಕೊಟ್ಟಿದ್ದರು. ನನಗೆ ಅವರ ಮೇಲೆ ಕರುಳು ಕಿತ್ತು ಬಂತು, ಆ ಕ್ಷಣವೇ ಸಿಟ್ಟೂ ಬಂತು. ಯಾಕೆಂದರೆ ಎಂಟು ದಿನದ ಮೇಲೆ ಆ ಕಟ್ಟೆಯಲ್ಲಿ ಅವರೂ ಕುಳಿತಿದ್ದರು. ತಾಯಿ ಎದ್ದು ನಿಂತು ಸುಳ್ಳು ಹೇಳಿದಾಗ ನೆಲ ನೋಡುತ್ತಿದ್ದರು.

"ನಿಮ್ಮವ್ವನ ಮ್ಯಾಲೆ ಬಂತಲ್ರಿ," ಎಂದೆ.

"ಹೌದು," ಎಂದರು. ಕೂಳಿಯನ್ನು ಮತ್ತೆ ಎತ್ತಿಕೊಂಡು, "ಹೇಳಿದ್ರ ನಿನ್ನ ಕಳಸ್ತಿದ್ರು," ಎಂದರು.

ಇಬ್ಬರೂ ಸೇರಿ ಆ ಮುದುಕಿಯ ಬೆರಳುಗಳನ್ನು ಮಾರಿಕೊಂಡು ಸಂಸಾರ ಮಾಡಿದ್ದೆವು. ಒಬ್ಬರಿಗೊಬ್ಬರು ಹೇಳದೆ.

ಹಿರಿಯನಿಗೆ ಹೇಳಿಬಿಡುತ್ತೇನೆ ಎಂದು ಎದ್ದೆ. ಈಗ ತವರಿಗೆ ಕಳಿಸಿದರೂ ಕಳಿಸಲಿ ಎನ್ನುವಷ್ಟು ಮನಸ್ಸು ಗಟ್ಟಿಯಾಗಿತ್ತು. ಓಣಿಯ ಉದ್ದಕ್ಕೂ ಹೆಚ್ಚುಕಡಿಮೆ ಓಡಿದೆ. ಹಿರಿಯನ ಮನೆಗೆ ಬಾಗಿಲು ಇರಲಿಲ್ಲ. ಚೌಕಟ್ಟನ್ನೂ ಕಿತ್ತು ಬಂಡಿಗೆ ಹಾಕಿಕೊಂಡು ಹೋಗಿದ್ದರು, ಬೆಳಿಗ್ಗೆಯೇ. ಗೋಡೆಯಲ್ಲಿ ಬಲೆ ನೇತುಹಾಕುತ್ತಿದ್ದ ಗೂಟಗಳಷ್ಟೇ ಉಳಿದಿದ್ದವು. ಪಕ್ಕದ ಮನೆ ನೋಡಿದೆ, ಅದರ ಪಕ್ಕದ್ದು ನೋಡಿದೆ. ಹಗ್ಗ ಕೊಯ್ದು ನನ್ನ ಗಂಡನನ್ನು ಉಳಿಸಿದವನ ಮನೆಯಲ್ಲಿ ಒಂದು ಕೋಳಿ ಒಲೆಯ ಬೂದಿ ಕೆದರುತ್ತಿತ್ತು. ಆ ದಿನ ಕಟ್ಟೆಯ ಮುಂದೆ ಕುಳಿತಿದ್ದವರಲ್ಲಿ ಒಬ್ಬರೂ ಆ ಓಣಿಯಲ್ಲಿ ಉಳಿದಿರಲಿಲ್ಲ. ಅವರೆಲ್ಲ ಬೆರಳು ಜಡ್ಡಾದ ಮುದುಕಿಯೊಬ್ಬಳನ್ನು ನೆನಪಿನಲ್ಲಿ ಕಟ್ಟಿಕೊಂಡು ಗಂಗಾವತಿಗೋ ಹೊಳೆಯಾಚೆಗೋ ಹೋಗಿಬಿಟ್ಟಿದ್ದರು. ಮುಂದೆ ಅವರಲ್ಲಿ ಯಾರೂ ನನಗೆ ಸಿಗಲಿಲ್ಲ.

ವಾಪಸ್ಸು ಬಂದಾಗ ಅತ್ತೆ ಅದೇ ಜಾಗದಲ್ಲಿ ಕುಳಿತಿದ್ದರು. ನಾನು ಎಲ್ಲಿಗೆ ಹೋಗಿದ್ದೆ ಎಂದು ಅವರಿಗೆ ಗೊತ್ತಿತ್ತು.

"ಹೇಳಿದೇನು?"

"ಯಾರೂ ಇಲ್ರಿ ಅತ್ತಿ. ಎಲ್ಲಾರೂ ಹೋಗ್ಯಾರ."

ಅವರು ಖಾಲಿ ಓಣಿಯ ಕಡೆ ಒಂದು ಸಲ ನೋಡಿದರು. ಹಿಂದಿನ ಕೋಣೆಯಲ್ಲಿ ನಾನು ಆ ಬೇಸಿಗೆಯಲ್ಲಿ ಹೊಸದಾಗಿ ಹೆಣೆದ ಒಂದು ಬಲೆ ಇತ್ತು, ಬರುವ ನಿಂತ ನೀರಿನಲ್ಲಿ ಗೂಟಕ್ಕೆ ಕಟ್ಟಿ ಬಿಡಲೆಂದು ಹೆಣೆದದ್ದು, ಯಾರೂ ನೋಡಿರದದ್ದು. ನಾನು ಒಳಗೆ ಹೋಗಿ ಅದನ್ನು ತಂದು ಅವರ ತೊಡೆಯ ಮೇಲೆ ಹರಡಿದೆ. ಅವರು ಬೇಡ ಎನ್ನಲಿಲ್ಲ. ಮೂರು ಬೆರಳು ಜೋಡಿಸಿ, ಎಲ್ಲೋ ನೋಡುತ್ತ, ಮೊದಲ ಕಣ್ಣಿನಿಂದ ಶುರುಮಾಡಿದರು. ನಡುವೆ ಒಂದು ಕಡೆ ಬೆರಳು ನಿಂತಿತು.

"ಇಲ್ಲಿ ಬಿಗಿ ಆಗೇತಿ," ಎಂದರು. "ಬಿಚ್ಚು."

ನಾನು ಕುಳಿತು ಬಿಚ್ಚಿದೆ.